ತುಟಿ ಕೂಡುವ ಜಾಗ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಆ ಹೆಂಗಸಿಗೆ ಕರುಣೆ ಎಂಬುದು ಇರಲಿಲ್ಲ. ಜಂಬವಿತ್ತು, ಅದೂ ಬೇಕಾದಷ್ಟು. ತಾನು ಬರೆದ ಒಂದಕ್ಷರವನ್ನೂ ಯಾರ ಮುಲಾಜಿಗೆ ಬಿದ್ದೂ ಬದಲಿಸಿದವಳಲ್ಲ. ಇದು ಒಡಹುಟ್ಟಿದ ತಂಗಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಇಬ್ಬರೂ ಒಂದೇ ಮನೆಯ ಎರಡು ಕೋಣೆಗಳಲ್ಲಿ ಬದುಕುತ್ತಿದ್ದರು, ಒಂದೇ ಸ್ಟುಡಿಯೋದಲ್ಲಿ ದುಡಿಯುತ್ತಿದ್ದರು. ಇಷ್ಟು ವರ್ಷಗಳಲ್ಲಿ ಅಕ್ಕನ ಬಾಯಿಂದ ತಂಗಿ ಕೇಳಿದ ಅತಿ ದೊಡ್ಡ ಹೊಗಳಿಕೆ ಎಂದರೆ "ಪರವಾಗಿಲ್ಲ".

ಸ್ಟುಡಿಯೋ ಇದ್ದದ್ದು ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲಿನುದ್ದಕ್ಕೂ ರಬ್ಬರಿನ ವಾಸನೆ. ಇಂಗ್ಲಿಷ್ ಧಾರಾವಾಹಿಗಳನ್ನು ತಂದು, ಅವುಗಳ ಮಾತನ್ನು ತೆಗೆದು, ನಮ್ಮ ಭಾಷೆಯ ಮಾತನ್ನು ಕೂಡಿಸುವ ಕೆಲಸ ಅಲ್ಲಿ ನಡೆಯುತ್ತಿತ್ತು. ಅಕ್ಕ ಮಾತು ಬರೆಯುವವಳು, ತಂಗಿ ದನಿ ಕೊಡುವವಳು. ಅಕ್ಕನನ್ನು ಎಲ್ಲರೂ ಎದುರಿಗೆ "ಟೀಚರಮ್ಮ" ಎನ್ನುತ್ತಿದ್ದರು. ಬೆನ್ನ ಹಿಂದೆ ಅವಳು "ತುಟಿ ಟೀಚರ್".

ಅವಳು ನಿಜವಾಗಿಯೂ ಟೀಚರ್ ಆಗಿದ್ದವಳೇ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಪಠ್ಯಪುಸ್ತಕದ ಕೊನೆಯಲ್ಲಿ ಇಂಗ್ಲಿಷ್ ನುಡಿಗಟ್ಟುಗಳನ್ನು ಸಾಲಾಗಿ ಕೊಟ್ಟು, ಎದುರಿಗೆ ಒಂದೊಂದು ಸಾಲಿನ ಅರ್ಥ ಕೊಟ್ಟಿರುತ್ತಿದ್ದರು. ಹುಡುಗಿಯರು ಅದನ್ನು ಗಿಣಿಪಾಠ ಮಾಡಿ ಒಪ್ಪಿಸುತ್ತಿದ್ದರು. ಅವಳಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. "ಅರ್ಥ ಗೊತ್ತು ನಿಮಗೆ. ಯಾವಾಗ, ಯಾರ ಬಾಯಿಂದ, ಎಷ್ಟು ಸಿಟ್ಟು ಬಂದಾಗ ಆ ಮಾತು ಹೊರಗೆ ಬರುತ್ತೆ ಅನ್ನೋದು ಗೊತ್ತಿಲ್ಲ. ಬೀಗದ ಕೈ ಇಟ್ಕೊಂಡು ಬಾಗಿಲೇ ನೋಡದವರು ನೀವು" ಎಂದು ಗದರುವಳು.

ಆ ದಿನಗಳಲ್ಲಿ ಈ ಸ್ಟುಡಿಯೋದಲ್ಲೇ ಮಾತು ಕೂಡಿಸಿದ ಒಂದು ಧಾರಾವಾಹಿ ಮನೆಮನೆಯಲ್ಲೂ ಓಡುತ್ತಿತ್ತು. ಅದರಲ್ಲಿ ಮದುವೆಯ ಹೊತ್ತಿಗೆ ಹೆಣ್ಣು ಹಿಂಜರಿದು ಓಡಿಹೋಗುತ್ತಾಳೆ. ಇಂಗ್ಲಿಷಿನವರು ಇದಕ್ಕೆ "ಕೋಲ್ಡ್ ಫೀಟ್" ಎನ್ನುತ್ತಾರೆ. ಕೊನೆಯ ಗಳಿಗೆಯಲ್ಲಿ ಧೈರ್ಯ ಉಡುಗುವುದು. ಮಾತು ಬರೆದವನು "ಮದುಮಗಳಿಗೆ ಪಾದ ತಣ್ಣಗಾಗಿದೆ" ಎಂದು ಬರೆದಿದ್ದ. ಮರುದಿನ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಯಾರಾದ್ರೂ ಒಂದು ಜೊತೆ ಕಾಲುಚೀಲ ಕೊಟ್ಟಿದ್ರೆ ಮದ್ವೆ ನಿಲ್ತಿರಲಿಲ್ಲ ಅಲ್ವಾ?" ಎಂದಳು. ಅದೇ ಧಾರಾವಾಹಿಯಲ್ಲಿ ಮನೆಯ ಯಜಮಾನ ಊಟದ ಮೇಜಿನ ಮುಂದೆ ಕೂತು, "ನಮ್ಮ ಬೀರುವಿನಲ್ಲೂ ಒಂದು ಅಸ್ಥಿಪಂಜರ ಇದೆ" ಎಂದ. ತಮ್ಮ ಮನೆತನದಲ್ಲೂ ಮುಚ್ಚಿಟ್ಟ ಒಂದು ನಾಚಿಕೆಗೇಡಿನ ಸಂಗತಿ ಇದೆ ಎಂದಷ್ಟೇ ಅವನ ಇಂಗಿತ. ಊರಿಗೆ ಊರೇ ಬೀರು ತೆರೆಯುವುದನ್ನು ವಾರಗಟ್ಟಲೆ ಕಾಯಿತು. ಕೊಲೆ ಮಾಡಿದವರು ಯಾರು ಎಂದು ಬಸ್ಸಿನಲ್ಲಿ ಚರ್ಚೆಯಾಯಿತು.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಕೊಡೆ ಹಿಡಿದುಕೊಂಡು ನೇರವಾಗಿ ಟೈರ್ ಅಂಗಡಿಯ ಮೆಟ್ಟಿಲು ಹತ್ತಿದಳು.

"ಇದನ್ನ ಬರೆದ ಮಹಾನುಭಾವರು ಯಾರು?"

"ಯಾಕಮ್ಮ, ಏನಾಯ್ತು?" ಎಂದ ಸ್ಟುಡಿಯೋದ ಮಾಲೀಕ.

"ಅವರಿಗೆ ಇಂಗ್ಲಿಷೂ ಬರುತ್ತೆ, ನಮ್ಮ ಮಾತೂ ಬರುತ್ತೆ. ಒಂದಕ್ಕೊಂದು ಪರಿಚಯ ಮಾಡ್ಸಿಲ್ಲ, ಅಷ್ಟೇ."

"ಅಷ್ಟು ಗೊತ್ತಿದ್ರೆ ನೀವೇ ಬರೀರಿ" ಎಂದ ಅವನು, ತೊಲಗಲಿ ಎಂದು.

ಅವಳು ಕೊಡೆಯನ್ನು ಗೋಡೆಗೆ ಒರಗಿಸಿ ಕುರ್ಚಿ ಎಳೆದುಕೊಂಡು ಕೂತಳು. ಕೂತವಳು ಮತ್ತೆ ಏಳಲೇ ಇಲ್ಲ. ಶಾಲೆಯ ಕೆಲಸ ಬಿಟ್ಟಳು. ಮಾಲೀಕ ಮುದುಕನಾದ, ಸ್ಟುಡಿಯೋ ಮಗನಿಗೆ ಹೋಯಿತು, ಯಂತ್ರಗಳು ಬದಲಾದವು, ಕುರ್ಚಿ ಬದಲಾಗಲಿಲ್ಲ.

ಅವಳ ಕೆಲಸದ ರೀತಿ ನೋಡುವವರಿಗೆ ವಿಚಿತ್ರ. ಮೊದಲು ಸದ್ದನ್ನು ಪೂರ್ತಿ ಆರಿಸಿ ಚಿತ್ರ ಹಾಕಿಸುವಳು. ಪರದೆಯ ಮೇಲಿನವನ ಬಾಯಿ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಎಂದಷ್ಟೇ ನೋಡುವಳು. ಪ, ಬ, ಮ ಎನ್ನಬೇಕಾದರೆ ಎರಡು ತುಟಿಯೂ ಕೂಡಲೇಬೇಕು. ಅದರಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಇಂಗ್ಲಿಷಿನವನ ತುಟಿ ಕೂಡಿದ ಜಾಗದಲ್ಲಿ ನಮ್ಮ ಮಾತಿನಲ್ಲೂ ಅಂಥ ಅಕ್ಷರವೇ ಬೀಳಬೇಕು. ಬೀಳದಿದ್ದರೆ ನೋಡುವವನಿಗೆ ತಪ್ಪು ಯಾವುದೆಂದು ಗೊತ್ತಾಗುವುದಿಲ್ಲ, ಆದರೆ ಎದುರಿಗಿರುವವನು ಸುಳ್ಳುಗಾರ ಎಂದು ಗೊತ್ತಾಗಿಬಿಡುತ್ತದೆ. ಇದು ಅವಳ ನಿಯಮ. ಇದಾದ ಮೇಲೆ ಸದ್ದು ಹಾಕಿಸಿ, ಮಾತಾಡುವವನು ಯಾರು, ಯಾರಿಗೆ ಹೇಳುತ್ತಿದ್ದಾನೆ, ಹೊಟ್ಟೆಯಲ್ಲಿ ಏನಿಟ್ಟುಕೊಂಡು ಹೇಳುತ್ತಿದ್ದಾನೆ ಎಂದು ಕೇಳುವಳು. ನಿಘಂಟು ನೋಡುವುದು ಎಲ್ಲಕ್ಕಿಂತ ಕೊನೆಗೆ.

"ಕಾಲ್ ಇಟ್ ಎ ಡೇ" ಎಂಬ ಒಂದೇ ಮಾತನ್ನು ಅವಳು ಎಷ್ಟೋ ಬಗೆಯಲ್ಲಿ ಬರೆದದ್ದನ್ನು ತಂಗಿ ಕಂಡಿದ್ದಳು. ಗಾರೆ ಕೆಲಸದವನು ಹೇಳಿದರೆ "ಇವತ್ತಿಗಿಷ್ಟು ಸಾಕು". ಅದನ್ನೇ ಗಂಡನಿಗೆ ಹೆಂಡತಿ ಸೂಟ್‌ಕೇಸ್ ಹಿಡಿದು ನಿಂತು ಹೇಳಿದಾಗ "ಸಾಕಾಯ್ತು, ಇಲ್ಲಿಗೆ ಮುಗಿಸೋಣ". ಒಮ್ಮೆ ಒಬ್ಬ ಕಳ್ಳ ತಿಜೋರಿಯ ಮುಂದೆ ಕೂತು "ಪೀಸ್ ಆಫ್ ಕೇಕ್" ಎಂದ. ತೀರಾ ಸುಲಭದ ಕೆಲಸ ಎಂದರ್ಥ. "ನೀರು ಕುಡಿದಷ್ಟು ಸುಲಭ" ಎಂದು ಯಾರು ಬೇಕಾದರೂ ಬರೆಯುತ್ತಿದ್ದರು. ಕಳ್ಳನ ತುಟಿಯೋ ಮೊದಲ ಅಕ್ಷರಕ್ಕೇ ಕೂಡುತ್ತದೆ. ಅವಳು ಮಧ್ಯಾಹ್ನವಿಡೀ ಊಟ ಬಿಟ್ಟು ಓಣಿಯಲ್ಲಿ ಓಡಾಡಿ, ಕೊನೆಗೆ ಬಂದು "ಬಿಡಯ್ಯಾ, ನೀರು ಕುಡಿದ ಹಾಗೆ" ಎಂದು ಬರೆದಳು. ಆ "ಬಿಡಯ್ಯಾ"ದಿಂದ ಕಳ್ಳನ ತುಟಿಯೂ ಕೂಡಿತು, ಅವನ ಕೊಬ್ಬೂ ಗೊತ್ತಾಯಿತು. ಚಿತ್ರ ನೋಡಿದ ಯಾರಿಗೂ ಅದು ಬೇರೆ ಭಾಷೆಯಿಂದ ಬಂದದ್ದು ಎನ್ನಿಸಲಿಲ್ಲ. ಇಂಥ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ; ಕಾಣಿಸದಿದ್ದರೇ ಅದು ಗೆದ್ದ ಹಾಗೆ. ಅವಳಿಗೆ ಚಪ್ಪಾಳೆ ಬೇಕಾಗಿಯೂ ಇರಲಿಲ್ಲ. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವಷ್ಟು ಕೈ ಉದ್ದವಿತ್ತು.

ಅವಳು ನಕ್ಕದ್ದನ್ನು ತಂಗಿ ಒಮ್ಮೆ ನೋಡಿದ್ದಳು. "ಪುಲ್ಲಿಂಗ್ ಯುವರ್ ಲೆಗ್" ಎಂಬ ಮಾತು ಬಂದಿತ್ತು.

"ನೋಡೇ, ಅವರೂ ಕಾಲೇ ಎಳೀತಾರೆ, ನಾವೂ ಕಾಲೇ ಎಳೀತೀವಿ" ಎಂದಳು ಅಕ್ಕ. "ಒಂದು ವ್ಯತ್ಯಾಸ. ಅವರು ತಮಾಷೆಗೆ ಎಳೆದು ಬಿಟ್ಟುಬಿಡ್ತಾರೆ. ನಮ್ಮೋರು ಮೇಲೆ ಹತ್ತುತ್ತಾ ಇರೋನನ್ನ ಕೆಳಗೆ ಬೀಳಿಸೋಕೂ ಎಳೀತಾರೆ." ಇಷ್ಟು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ತಂಗಿ ಸ್ಟುಡಿಯೋಗೆ ಬಂದದ್ದು ಗಂಡ ತೀರಿಕೊಂಡ ಮೇಲೆ. ಒಂದು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತವಳಿಗೆ ಅಕ್ಕ, "ಮನೇಲಿ ಕೂತ್ರೆ ಗೋಡೆ ನೋಡ್ತೀಯ. ನಾಳೆಯಿಂದ ನನ್ನ ಜೊತೆ ಬಾ" ಎಂದಳು. ಸಮಾಧಾನದ ಮಾತು ಅಲ್ಲಿಗೆ ಮುಗಿಯಿತು. ಒಳ್ಳೆಯ ಪಾತ್ರ ಕೊಡಿ ಎಂದು ಅಕ್ಕ ಯಾರಿಗೂ ಹೇಳಲಿಲ್ಲ. ಹೇಳಿ ಎಂದವರಿಗೆ, "ಅವಳ ದನಿ, ಅವಳ ಪಾಡು" ಎಂದಳು. ಹಾಗಾಗಿ ತಂಗಿ ಬಹುಕಾಲ ವಿಮಾನ ಹೊರಡುವ ಹೊತ್ತು ಹೇಳುವ ಹೆಂಗಸಾದಳು, ಟೆಲಿಫೋನಿನ ಆಚೆ ಬದಿಯವಳಾದಳು, ಬೆಂಕಿ ಬಿದ್ದಾಗ ಗುಂಪಿನಲ್ಲಿ ಕಿರುಚುವವಳಾದಳು. "ನನ್ನಷ್ಟು ಸಲ ಸತ್ತವರು ಈ ಊರಲ್ಲಿ ಇನ್ಯಾರೂ ಇಲ್ಲ" ಎಂದು ತಾನೇ ನಗುತ್ತಿದ್ದಳು. ನಿಧಾನವಾಗಿ ನರ್ಸ್ ಆದಳು, ನೆರೆಮನೆಯವಳಾದಳು, ಕೊನೆಗೆ ನಾಯಕಿಯ ತಾಯಿಯಾದಳು. ಆ ದನಿಯಲ್ಲಿ ಒಣಗಿದ ಕಟ್ಟಿಗೆಯ ಕಸುವಿತ್ತು. ಅದು ಎಲ್ಲರಿಗೂ ಕೇಳಿಸುವ ಹೊತ್ತಿಗೆ ಸರಿಯಾಗಿ ಅವಳಿಗೆ ಕಾಯಿಲೆ ಬಂತು.

ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ತಾನಾಗಿ ಸುರಿಯಿತು. ಕನ್ನಡಿಯಲ್ಲಿ ಮುಖದ ಅರ್ಧ ಭಾಗ ಜೋತುಬಿದ್ದಿತ್ತು. ಮುಖದ ನರಕ್ಕೆ ಪೆಟ್ಟಾಗಿದೆ ಎಂದರು ಡಾಕ್ಟರು. ತಿಂಗಳುಗಳು ಕಳೆದಂತೆ ಕಣ್ಣು ಸರಿಯಾಯಿತು, ಕೆನ್ನೆ ಸರಿಯಾಯಿತು. ಬಾಯಿಯ ಬಲ ಮೂಲೆ ಮಾತ್ರ ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಎದುರಿಗೆ ಕೂತವರಿಗೆ ಅದು ಕಾಣುತ್ತಿರಲಿಲ್ಲ. ಆದರೆ ಮೈಕಿಗೆ ಎಲ್ಲವೂ ಕೇಳುತ್ತದೆ. ಬ ಎಂದರೆ ಮೂಲೆಯಿಂದ ಗಾಳಿ ನುಸುಳಿ ಅದು ವ ಆಗುತ್ತಿತ್ತು.

ಅದೇ ಕಾಲಕ್ಕೆ ಒಂದು ದೊಡ್ಡ ಧಾರಾವಾಹಿ ಬಂತು. ಹಡಗುಗಳ ವ್ಯಾಪಾರ ಮಾಡುವ ಒಬ್ಬ ಮುದುಕಿಯ ಕಥೆ. ಗಂಡ ಸತ್ತ ಮೇಲೆ ವ್ಯಾಪಾರವನ್ನು ಕೈಗೆ ತೆಗೆದುಕೊಂಡು, ಗಂಡುಮಕ್ಕಳನ್ನು ಹದ್ದುಬಸ್ತಿನಲ್ಲಿಟ್ಟು ಆಳುವವಳು. ನಿರ್ದೇಶಕ, ಹಳೆಯ ಮಾಲೀಕನ ಮಗ, ಆ ಮುದುಕಿಗೆ ತಂಗಿಯ ದನಿಯೇ ಸರಿ ಎಂದ. ಆದರೆ ತೀರ್ಮಾನ ಅವನದಲ್ಲ, ವಾಹಿನಿಯವರದು. ಅವರು ಒಂದು ದೃಶ್ಯವನ್ನು ಪರೀಕ್ಷೆಗೆ ಕೊಟ್ಟರು. ರಂಗಭೂಮಿಯ ಹೆಸರಾಂತ ನಟಿಯೊಬ್ಬಳನ್ನೂ ಕರೆದಿದ್ದರು. ತಂಗಿಗೆ ಗೊತ್ತಿತ್ತು: ಈ ಪಾತ್ರ ಸಿಕ್ಕರೆ ಮುಂದಿನ ವರ್ಷಗಳ ಕೆಲಸ, ಹೆಸರು. ತಪ್ಪಿದರೆ ಮತ್ತೆ ವಿಮಾನದ ಹೊತ್ತು ಹೇಳುವುದು, ಬಹುಶಃ ಅದೂ ಇಲ್ಲ. ತುಟಿ ಕೂಡದವಳು ಎಂದು ಒಮ್ಮೆ ಸುದ್ದಿಯಾದರೆ ಆಮೇಲೆ ಯಾರೂ ಕರೆಯುವುದಿಲ್ಲ.

ದೃಶ್ಯದಲ್ಲಿ ಮುದುಕಿಯ ಮಗಳು ಅಳುತ್ತ ಬರುತ್ತಾಳೆ. ಪರದೆಯ ತುಂಬ ಮುದುಕಿಯ ಮುಖ. ಅವಳು ಹೇಳುವುದು ಇಷ್ಟೇ: "ಬೈಟ್ ದ ಬುಲೆಟ್, ಮೈ ಗರ್ಲ್." ಅದಕ್ಕೆ ಅಕ್ಕ ಬರೆದದ್ದು: "ಬಂದದ್ದನ್ನ ನುಂಗಿಬಿಡು, ಮಗಳೇ."

ಪರೀಕ್ಷೆಯ ಹಿಂದಿನ ಸಂಜೆ ಊಟಕ್ಕೆ ಕೂತಾಗ ತಂಗಿ ಮಾತು ತೆಗೆದಳು.

"ಅಕ್ಕಾ, ಆ ಬುಲೆಟ್ ಮಾತು ಇದ್ಯಲ್ಲ."

"ಇದೆ. ಏನೀಗ?"

"ಅರಿವಳಿಕೆ ಇಲ್ಲದ ಕಾಲದಲ್ಲಿ ಗಾಯ ಕೊಯ್ಯುವಾಗ ಸಿಪಾಯಿ ಬಾಯಿಗೆ ಗುಂಡು ಕೊಟ್ಟು ಕಚ್ಕೋ ಅಂತಿದ್ರಂತೆ. ಅದಕ್ಕೇ ಆ ಮಾತು ಬಂತಂತೆ."

"ಇದ್ರೂ ಇರಬಹುದು. ಹುಟ್ಟಿದ ಕಥೆ ಕಟ್ಟೋದು ಸುಲಭ. ಆ ಮುದುಕಿಗೆ ಸಿಪಾಯಿ ನೆನಪಿಲ್ಲ, ಮಗಳು ಅಳ್ತಿರೋದು ಮಾತ್ರ ಕಾಣ್ತಿದೆ. ನೋವು ತಪ್ಪಲ್ಲ, ಎದುರಿಸು ಅಂತಿದ್ದಾಳೆ."

"ಅದನ್ನೇ ನಾನೂ ಹೇಳೋದು. ನಮ್ಮಲ್ಲಿ ಹಲ್ಲು ಕಚ್ಚಿ ಸಹಿಸ್ಕೋ ಅಂತಾರಲ್ವಾ? ಅವರೂ ಕಚ್ಚೋದು, ನಾವೂ ಕಚ್ಚೋದು. ಇಷ್ಟು ಚೆನ್ನಾಗಿ ಹೊಂದೋದನ್ನ ಬಿಟ್ಟು..."

"ಹಲ್ಲು ಕಚ್ಚಿ ಅನ್ನೋವಾಗ ಒಂದ್ಸಲವಾದ್ರೂ ತುಟಿ ಕೂಡುತ್ತಾ? ಹೇಳಿ ನೋಡು. ಪರದೆ ಮೇಲೆ ಮುದುಕಿ ಮೂರು ಸಲ ಕೂಡಿಸ್ತಾಳೆ. ನಮ್ಮದ್ರಲ್ಲೂ ಮೂರು. ಬಂದದ್ದಕ್ಕೊಂದು, ಬಿಡುಗೊಂದು, ಮಗಳಿಗೊಂದು."

ತಂಗಿ ತಟ್ಟೆಯಲ್ಲಿ ಬೆರಳಾಡಿಸಿದಳು. "ನನ್ನ ತುಟಿ ಕೂಡಲ್ಲ ಅಕ್ಕಾ. ನಿಂಗೆ ಗೊತ್ತು."

ಅಕ್ಕ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು. "ಪಾತ್ರಕ್ಕೆ ತಕ್ಕ ಬಾಯಿ ಬೇಕು. ಬಾಯಿ ಅಳತೆಗೆ ಪಾತ್ರ ಹೊಲಿಯೋಕೆ ನಾನು ದರ್ಜಿ ಅಲ್ಲ."

"ಬೇರೆಯವರ ಅಕ್ಕಂದಿರಾಗಿದ್ರೆ..."

"ಬೇರೆಯವರ ಅಕ್ಕಂದಿರು ಬರೆದಿದ್ದನ್ನ ಯಾರೂ ನೋಡಲ್ಲ. ಊಟ ಮಾಡು, ಆರುತ್ತೆ."

ತಂಗಿ ಕೈತೊಳೆದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದಳು. ಬೈಯುತ್ತಲೇ ಇನ್ನೊಂದು ಸಂಗತಿಯೂ ಹೊಳೆಯಿತು: ಅಕ್ಕ "ಆಯ್ತು, ಬದಲಾಯಿಸ್ತೀನಿ" ಎಂದಿದ್ದರೆ ತನಗೆ ಇದಕ್ಕಿಂತ ಹೆಚ್ಚು ಅವಮಾನವಾಗುತ್ತಿತ್ತು. ಊನವಾದವಳಿಗೆ ಎತ್ತಿಕೊಟ್ಟ ತುತ್ತಾಗುತ್ತಿತ್ತು ಅದು. ಅವಳೂ ಅದೇ ಮನೆತನದವಳು. ಕನ್ನಡಿಯ ಮುಂದೆ ನಿಂತು "ಬಂದದ್ದನ್ನ" ಎಂದಳು. "ವಂದದ್ದನ್ನ" ಎಂದಿತು ಬಾಯಿ. ಮತ್ತೆ ಎಂದಳು.

ಪರೀಕ್ಷೆಯ ದಿನ ವಾಹಿನಿಯಿಂದ ಒಬ್ಬ ಅಧಿಕಾರಿಣಿ ಬಂದಳು. ತನ್ನದೇ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಹಿಂದಿನ ಸೋಫಾದಲ್ಲಿ ಕೂತಳು. ರಂಗಭೂಮಿಯ ನಟಿ ಆಗಲೇ ಬಂದು ದನಿ ಕೊಟ್ಟು ಹೋಗಿದ್ದಳು. "ಅವರದ್ದು ಗಟ್ಟಿಯಾಗಿದೆ. ಮಗಳಿಗೆ ಹೇಳಿದ ಹಾಗಿಲ್ಲ, ಮೆರವಣಿಗೆಗೆ ಭಾಷಣ ಮಾಡಿದ ಹಾಗಿದೆ" ಎಂದು ಅಧಿಕಾರಿಣಿ ಹೇಳಿದ್ದು, ಧ್ವನಿಕೋಣೆಯೊಳಗೆ ಹೆಡ್‌ಫೋನ್ ಹಾಕಿಕೊಂಡಿದ್ದ ತಂಗಿಗೆ ಕೇಳಿಸಿತು. ದಪ್ಪ ಗಾಜಿನಾಚೆ ನಿರ್ದೇಶಕ ಯಂತ್ರದ ಮುಂದೆ, ಅವನ ಪಕ್ಕದಲ್ಲಿ ತನ್ನ ಕುರ್ಚಿಯಲ್ಲಿ ಅಕ್ಕ.

ಕೆಂಪು ದೀಪ ಹೊತ್ತಿತು. ಮಗಳು ಅಳುತ್ತ ಬಂದಳು, ಮುದುಕಿಯ ಮುಖ ಪರದೆಯನ್ನು ತುಂಬಿತು. ತಂಗಿ ಹೇಳಿದಳು. ದನಿಯಲ್ಲಿ ಇರಬೇಕಾದದ್ದೆಲ್ಲ ಇತ್ತು: ಸಿಟ್ಟು, ಅಕ್ಕರೆ, ಹಡಗು ನಡೆಸಿದವಳ ಗತ್ತು. ಮೊದಲ ಅಕ್ಷರದಲ್ಲಿ ಮಾತ್ರ ಗಾಳಿ ಸೋರಿತು.

"ಇನ್ನೊಂದ್ಸಲ ಅಮ್ಮ" ಎಂದ ನಿರ್ದೇಶಕ.

ಇನ್ನೊಮ್ಮೆ. ಈ ಸಲ "ಬಿಡು" ಜಾರಿತು. ಮತ್ತೊಮ್ಮೆ. ಎರಡೂ ಜಾರಿದವು.

"ದನಿ ಅದ್ಭುತವಾಗಿದೆ. ಆದ್ರೆ ಇವರಿಗೆ ಹಲ್ಲಿನ ತೊಂದರೆ ಏನಾದ್ರೂ ಇದ್ಯಾ?" ಎಂದಳು ಅಧಿಕಾರಿಣಿ.

ನಿರ್ದೇಶಕ ಅಕ್ಕನ ಕಡೆ ತಿರುಗಿದ. "ಟೀಚರಮ್ಮ, ಹಲ್ಲು ಕಚ್ಚಿ ಸಹಿಸ್ಕೋ ಅಂತ ಮಾಡಿಬಿಡೋಣ್ವಾ? ಅರ್ಥ ಅದೇ ತಾನೇ."

"ನನ್ನದೇನೂ ಅಭ್ಯಂತರ ಇಲ್ಲ" ಎಂದಳು ಅಧಿಕಾರಿಣಿ. "ಅಷ್ಟೊಂದು ಯಾರು ನೋಡ್ತಾರೆ?"

ತಂಗಿ ಗಾಜಿನೊಳಗಿಂದ ನೋಡಿದಳು. ಅಕ್ಕ ಒಮ್ಮೆ ತಲೆಯಾಡಿಸಿದರೆ ಸಾಕಿತ್ತು. ಪಾತ್ರ ಕೈಗೆ ಬಂದಂತೆಯೇ ಇತ್ತು.

"ನಾನು ನೋಡ್ತೀನಿ" ಎಂದಳು ಅಕ್ಕ. "ಅಕ್ಷರ ಬದಲಾಗಲ್ಲ."

ನಿರ್ದೇಶಕ ಹಣೆ ಉಜ್ಜಿಕೊಂಡ. "ಟೀಚರಮ್ಮ, ಅವರು ನಿಮ್ಮ ಸ್ವಂತ ತಂಗಿ..."

ಅಷ್ಟರಲ್ಲಿ ಸ್ಪೀಕರಿನಿಂದ ತಂಗಿಯ ದನಿ ಬಂತು. "ಬದಲಾಯಿಸಬೇಡಿ. ಇನ್ನೊಂದ್ಸಲ ಹಾಕಿ."

ಅಧಿಕಾರಿಣಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. "ಕೊನೇ ಸಲ. ನಾನು ಹೊರಡ್ಬೇಕು."

ತಂಗಿ ಹಾಳೆಯನ್ನು ಎತ್ತಿ ಹಿಡಿದಳು. ಕೈಯಲ್ಲಿದ್ದರೆ ಹಾಳೆಯೂ ಸದ್ದು ಮಾಡುತ್ತದೆ ಎಂದು ಅದನ್ನು ಸ್ಟ್ಯಾಂಡಿನ ಮೇಲಿಟ್ಟಳು. ತಲೆಯೆತ್ತಿ ನೋಡಿದರೆ ಗಾಜಿನಾಚೆ ಅಕ್ಕನ ಕುರ್ಚಿ ಖಾಲಿ. ಎದ್ದು ಹೋದಳು, ನೋಡುವುದಕ್ಕೂ ಇಷ್ಟವಿಲ್ಲ ಅವಳಿಗೆ ಎಂದುಕೊಂಡಳು ತಂಗಿ.

ಧ್ವನಿಕೋಣೆಯ ಬಾಗಿಲು ಭಾರವಾದದ್ದು, ಹೆಗಲು ಕೊಟ್ಟು ನೂಕಬೇಕು. ಅದು ತೆರೆಯಿತು. ಅಕ್ಕ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಳು. ಟಿಕ್‌ಟಿಕ್ ಎನ್ನುವ ಕೈಗಡಿಯಾರ ಬಿಚ್ಚಿ ಹೊರಗೆ ನೆಲದ ಮೇಲೆ ಇಟ್ಟಳು. ಒಳಗೆ ಬಂದು ಬಾಗಿಲು ಮುಚ್ಚಿದಳು. ಇಷ್ಟು ವರ್ಷಗಳಲ್ಲಿ ಅವಳು ಆ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಬರೆಯುವವರಿಗೆ ಅಲ್ಲೇನು ಕೆಲಸ ಎನ್ನುತ್ತಿದ್ದಳು.

"ಟೀಚರಮ್ಮ, ಒಳಗೆ ಇಬ್ಬರಿದ್ರೆ ಉಸಿರು ರೆಕಾರ್ಡ್ ಆಗುತ್ತೆ" ಎಂದ ನಿರ್ದೇಶಕ ಗಾಬರಿಯಿಂದ.

"ನಾನು ಉಸಿರಾಡಲ್ಲ. ಚಿತ್ರ ಹಾಕು."

ತಂಗಿಯ ಬಲಗಡೆ ನಿಂತು ಅವಳ ಗಲ್ಲವನ್ನು ಅಂಗೈಯಲ್ಲಿ ಹಿಡಿದಳು. ಹೆಬ್ಬೆರಳನ್ನು ಬಾಯಿಯ ಬಲ ಮೂಲೆಗೆ ಒತ್ತಿ, ಸ್ವಲ್ಪ ಮೇಲಕ್ಕೆ ಎತ್ತಿದಳು. ಶಾಲೆಯಲ್ಲಿ ಸೀಮೆಸುಣ್ಣ ಹಿಡಿದು ಒರಟಾದ ಬೆರಳು. ಒತ್ತಿದ್ದು ಜೋರಾಗಿಯೇ. ತಂಗಿ ಬೆಚ್ಚಿದಳು.

"ಅಲ್ಲಾಡಬೇಡ" ಎಂದಳು ಅಕ್ಕ.

ಕೆಂಪು ದೀಪ ಹೊತ್ತಿತು. ಮಗಳು ಅಳುತ್ತ ಬಂದಳು. ಮುದುಕಿಯ ತುಟಿ ಕೂಡಿತು, ತಂಗಿಯ ತುಟಿಯೂ ಕೂಡಿತು.

"ಬಂದದ್ದನ್ನ ನುಂಗಿಬಿಡು, ಮಗಳೇ."

ಮೂರೂ ಅಕ್ಷರ ಕಲ್ಲಿನ ಮೇಲೆ ಕಲ್ಲಿಟ್ಟ ಹಾಗೆ ಕೂತವು. ಗಾಜಿನಾಚೆ ಅಧಿಕಾರಿಣಿ ಎದ್ದು ನಿಂತಿದ್ದಳು. ಆಮೇಲೆ ಬಗ್ಗಿ ನಿರ್ದೇಶಕನ ಮುಂದಿನ ಮೈಕಿನಲ್ಲಿ, "ಇವರೇ. ಮುದುಕಿ ಇವರೇ ಮಾಡ್ಲಿ" ಎಂದಳು. "ಉಳಿದದ್ದನ್ನೂ ಮುಗಿಸಿ. ನಾನು ಕೂತಿರ್ತೀನಿ."

ತಂಗಿಯ ಕಣ್ಣು ತುಂಬಿತ್ತು. ಎಡಗೈಯಿಂದ ಕಣ್ಣೊರೆಸಿಕೊಂಡು, ಇನ್ನು ಮುಂದಿನದನ್ನು ತಾನೇ ಹಿಡಿದುಕೊಳ್ಳುತ್ತೇನೆ ಎನ್ನುವಂತೆ ಬಲಗೈಯನ್ನು ಬಾಯಿಯ ಕಡೆ ಎತ್ತಿದಳು. ಅಕ್ಕ ಆ ಕೈಯನ್ನು ತಟ್ಟಿ ಕೆಳಗಿಳಿಸಿ, ಹಾಳೆಯ ಮುಂದಿನ ಸಾಲನ್ನು ತೋರಿಸಿದಳು. ಅವಳ ಹೆಬ್ಬೆರಳು ತಂಗಿಯ ಎಂಜಲಿನಿಂದ ಒದ್ದೆಯಾಗಿತ್ತು. ಅದನ್ನು ಒರೆಸಿಕೊಳ್ಳದೆ, ಮತ್ತೆ ಅದೇ ಜಾಗಕ್ಕೆ ಇಟ್ಟು, ಉಸಿರು ಬಿಗಿಹಿಡಿದು ನಿಂತಳು.